ಮಿಲ್ಟ್ರಿ ಮುದಕಪ್ಪನ ಮನೆಯ ನೀರು

ಸನ್ಮಾನ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಶಾಲೆಯಲ್ಲಿ ಯಾರಾದರೂ ನಿವೃತ್ತರಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ವೇದಿಕೆಯ ಪಕ್ಕ ನಿಲ್ಲುವ ಕೆಲಸ ನನಗೇ ಹಚ್ಚುತ್ತಾರೆ. ತಲೆನೋವು ಅಂತ ಹೇಳಿ ನಾನು ಆಫೀಸು ಕೋಣೆಯಲ್ಲಿ ಕೂತುಬಿಡುತ್ತೇನೆ. ಪ್ರತಿಮಾ ಟೀಚರ್ ಭಾಳ ಸಿಡುಕಿ ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಮ್ಮ ಮಾವನಿಗೆ ಊರವರು ಮಾಡಿದ ಸನ್ಮಾನವನ್ನು ಅವರು ನೋಡಿಲ್ಲ, ನಾನು ನೋಡಿದ್ದೇನೆ.

ನಮ್ಮ ಮಾವ ಮುದಕಪ್ಪ ಸೈನ್ಯದಲ್ಲಿ ಸೇತುವೆ ಕಟ್ಟುವ ದಳದ ಹವಾಲ್ದಾರರಾಗಿದ್ದವರು. ಪೆನ್ಶನ್ ಬಂದ ಮೇಲೆ ಗಲಗಲಿಯಿಂದ ಸ್ವಲ್ಪ ದೂರದ ನಮ್ಮೂರಿಗೆ, ಕೃಷ್ಣಾ ದಂಡೆಯ ತಮ್ಮ ಹೊಲಕ್ಕೆ ಮರಳಿದರು. ಕುರಿ ಕಾಯ್ದ ಮನೆತನ, ಬೀರಪ್ಪನ ಒಕ್ಕಲು. ಹೊಲ ಮಾಡಿಕೊಂಡು ಸುಮ್ಮನಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದರು, ಹಿನ್ನೀರು ಸರಿಯುತ್ತ ಸರಿಯುತ್ತ ನಮ್ಮೂರ ಬುಡಕ್ಕೆ ಬಂತು. ಹೊಲದ ಹಳೆಯ ಬಾವಿಗಳೆಲ್ಲ ನೀರಿನ ಅಡಿ ಹೋದವು. ನಿನ್ನೆ ಮೊನ್ನೆ ಎತ್ತು ಹೊಡೆದುಕೊಂಡು ಹೋದ ದಾರಿಯೇ ತಾನೆ ಎಂದು ಮೊಣಕಾಲುದ್ದ ನೀರಿನಲ್ಲಿ ನಡೆದವರು ಬಾವಿಯ ಮೇಲೆ ಕಾಲಿಟ್ಟು ಮಾಯವಾಗತೊಡಗಿದರು. ಅಂಥವರನ್ನು ಎತ್ತಲು ಮಾವ ಒಂದು ಹರಗೋಲು ಹೆಣೆಸಿದರು. ಸಿಕ್ಕರೆ ಜೀವ ಸಹಿತ ಎತ್ತುತ್ತಿದ್ದರು, ಇಲ್ಲದಿದ್ದರೆ ಹೆಣ ಎತ್ತಿ ಮನೆಯವರಿಗೆ ಒಪ್ಪಿಸುತ್ತಿದ್ದರು. ಊರೇ ಅವರನ್ನು ಮಿಲ್ಟ್ರಿ ಕಾಕಾ ಎಂದು ಕರೆಯುತ್ತಿತ್ತು.

ನೀರು ನಿಂತ ಮೊದಲ ವರ್ಷವೇ ಒಂದು ಹೆಂಗಸಿನ ಹೆಣ ತೇಲಿ ಬಂದು ಪಂಪ್‌ಸೆಟ್ಟಿನ ಪೈಪಿಗೆ ಸಿಕ್ಕಿಕೊಂಡಿತು. ಹಸಿರು ಇಳಕಲ್ ಸೀರೆ, ಮುಖ ಗುರುತು ಹತ್ತುವ ಹಾಗಿರಲಿಲ್ಲ. ಊರೆಲ್ಲ ದಂಡೆಯ ಮೇಲೆ ಮೂಗಿಗೆ ಬಟ್ಟೆ ಹಿಡಿದು ನಿಂತಿತ್ತು. ಪೊಲೀಸರು ಬಂದು ಬರೆದುಕೊಂಡು, ವಾರಸುದಾರರು ಯಾರೂ ಇಲ್ಲ, ನೀವೇ ಮಣ್ಣು ಮಾಡಿರಿ ಅಂತ ಹೇಳಿ ಹೋದರು. ಮಾವ ನೀರಿಗೆ ಇಳಿದು ಆಕೆಯನ್ನು ಬಿಡಿಸಿ ತಂದು, ಹೆಗಲ ಮೇಲಿನ ಕರಿ ಕಂಬಳಿಯಲ್ಲಿ ಸುತ್ತಿ, ನಮ್ಮ ಹೊಲದ ಬದುವಿನಲ್ಲಿ ಮಣ್ಣು ಕೊಟ್ಟರು.

ಮರುದಿನ ಬೀರಪ್ಪನ ಗುಡಿಯ ಹಿರಿಯರಾದ ಚನಮಲ್ಲಪ್ಪನವರು ಮಾವನನ್ನು ಕರೆಸಿದರು. ಸಿಟ್ಟು ಮಾಡಲಿಲ್ಲವಂತೆ, ಭಾಳ ಮೆತ್ತಗೆ ಹೇಳಿದರಂತೆ.

"ಮುದಕಪ್ಪಾ, ನೀ ಮಾಡಿದ್ದು ಪುಣ್ಯದ ಕೆಲಸ, ನಾ ಇಲ್ಲ ಅನ್ನೂದಿಲ್ಲ. ಆದ್ರ ಮಣ್ಣ ಕೊಟ್ಟಾವ ಸೂತಕ ಹಿಡೀಬೇಕು. ಸೂತಕ ಕಳೀಬೇಕಂದ್ರ ಸತ್ತವರ ಮಂದಿ ದಿನಾ-ಕರ್ಮಾ ಮಾಡಬೇಕು. ಈಕಿ ಯಾರಾಕಿ, ಯಾವೂರಾಕಿ ಯಾರಿಗೂ ಗೊತ್ತಿಲ್ಲ. ಈಕಿ ದಿನಾ ಯಾರ ಮಾಡ್ಯಾರು? ದಿನಾ ಆಗದ ಸೂತಕಾ ಎಲ್ಲಿಗೆ ಮುಗೀತೈತಿ?"

"ನಾನ ಮಾಡ್ತೇನ್ರಿ ಆಕಿ ದಿನಾ" ಎಂದರಂತೆ ಮಾವ.

"ನೀ ಏನ ಆಕಿ ಮಗನ?"

ಅಲ್ಲಿಗೆ ಮುಗಿಯಿತು. ಅಂದರೆ, ಸೂತಕ ಮುಗಿಯಲಿಲ್ಲ. ನಮ್ಮ ಮನೆಗೆ ಬಹಿಷ್ಕಾರ ಅಂತ ಯಾರೂ ಹಾಕಲಿಲ್ಲ, ದಂಡ ಕೇಳಲಿಲ್ಲ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು, ಮಾವನ ಬೀಡಿಗೆ ಕಡ್ಡಿ ಗೀರಿ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು, ಊಟ ಮಾಡುವುದನ್ನು ಮಾತ್ರ ಬಿಟ್ಟರು. ಆಮೇಲೆ ಅಂಥ ಹೆಣಗಳು ಎಷ್ಟೋ ಬಂದವು. ಪ್ರತಿಯೊಂದಕ್ಕೂ ಮಾವನೇ ಮಣ್ಣು ಕೊಟ್ಟರು, ಪ್ರತಿ ಸಲ ನಮ್ಮ ಸೂತಕ ಇನ್ನಷ್ಟು ಉದ್ದವಾಯಿತು.

ಮಾವ ಇದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡವರು ನಮ್ಮ ಅತ್ತೆ ಸಾತವ್ವ. ಅವರು ಹುಟ್ಟಿದ ಮನೆಯಲ್ಲಿ ಬಂದವರಿಗೆ ರೊಟ್ಟಿ ಹಾಕದೆ ಕಳಿಸಿದ ದಿನವೇ ಇರಲಿಲ್ಲವಂತೆ. ನಾನು ತೇರದಾಳದಿಂದ ಮದುವೆಯಾಗಿ ಬಂದಾಗ ದಿನಾ ನಮ್ಮ ನಾಲ್ಕು ಮಂದಿಗೆ ಬೇಕಾದ್ದಕ್ಕಿಂತ ಒಂದು ಸಣ್ಣ ಬುಟ್ಟಿ ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದರು. ಯಾಕ್ರಿ ಅತ್ತೀ, ಇಷ್ಟು ಯಾರಿಗೆ ಅಂತ ಕೇಳಿದೆ. "ಯಾರರ ಬಂದ್ರ?" ಎಂದರು. ಬರುವವರೇನೋ ಬರುತ್ತಿದ್ದರು. ಮಗ ಬಂದಿಲ್ಲ, ಎಮ್ಮೆ ಕೊಚ್ಚಿಹೋಗಿದೆ, ಬಸುರಿಯನ್ನು ಆಚೆ ದಂಡೆಗೆ ದಾಟಿಸಬೇಕು ಅಂತ ಬೇಲಿಯ ಆಚೆ ನಿಂತು ಕೂಗುತ್ತಿದ್ದರು. ಅತ್ತೆ ತಂಬಿಗೆ ತುಂಬಿಕೊಂಡು ಹೊರಗೆ ಬರುತ್ತಿದ್ದರು. "ಈಗಷ್ಟ ಕುಡದ ಬಂದೇವ್ರಿ" ಎನ್ನುತ್ತಿದ್ದರು. ಬಿಸಿಲಿನಲ್ಲಿ ಓಡಿ ಬಂದು ನಾಲಿಗೆ ಒಣಗಿ ಮಾತು ಹೊರಡದವರೂ ಈಗಷ್ಟೇ ಕುಡಿದು ಬಂದವರೇ. ಅತ್ತೆ ಆ ನೀರನ್ನು ತುಳಸಿಗೆ ಹಾಕಿ ಒಳಗೆ ಹೋಗುತ್ತಿದ್ದರು.

ಎರಡು ಸಲ ಮಹಾಪೂರ ಬಂದಾಗ ಮಾವ ಮಾಳಿಗೆಯ ಮೇಲೆ ಹತ್ತಿ ಕೂತವರನ್ನೆಲ್ಲ ಹರಗೋಲಿನಲ್ಲಿ ಇಳಿಸಿ ತಂದರು. ಆಗ ಅವರ ಕೈ ಹಿಡಿಯಲಿಕ್ಕೆ ಯಾರಿಗೂ ಸೂತಕ ಅಡ್ಡ ಬರಲಿಲ್ಲ. ದಂಡೆಗೆ ಬಂದವರಿಗೆ ಅತ್ತೆ ಅಂಬಲಿ ಕಾಯಿಸಿಕೊಂಡು ಹೋದರೆ, ಎರಡು ದಿನ ಉಪವಾಸ ಇದ್ದವರು ಹಸಿವಿಲ್ಲ ಎಂದರು. ಅವತ್ತು ನಾನು ಅತ್ತೆಯ ಮೇಲೇ ರೇಗಿದೆ. "ನಿಮಗರ ನಾಚಿಕಿ ಬ್ಯಾಡೇನ್ರಿ ಅತ್ತೀ? ಎಷ್ಟ ಸಲ ಒಯ್ತೀರಿ?" ಅಂದೆ.

"ಒಮ್ಮೆರ ತಿಂತಾರ ತಗೋಬೇ. ಮಂದಿ ಅದಾರ, ಕಲ್ಲಲ್ಲ" ಎಂದರು ಅತ್ತೆ. ಅವರಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಊರವರು ತನ್ನ ಅಂಗಳದಲ್ಲಿ ಪಂಕ್ತಿ ಕೂತು, ತನ್ನ ಕೈಯ ರೊಟ್ಟಿ ತಿಂದು ಏಳಬೇಕು, ಅಷ್ಟೇ.

ಹನ್ನೆರಡನೆಯ ಇಸವಿಯ ಜನವರಿಯಲ್ಲಿ ಚನಮಲ್ಲಪ್ಪನವರು ತಾವಾಗಿ ನಮ್ಮ ಬೇಲಿಯ ಹತ್ತಿರ ಬಂದು ನಿಂತರು. ಜಮಖಂಡಿಯ ಒಂದು ಸೇವಾ ಸಂಘದವರು ಮಾವನ ವಿಷಯ ಪೇಪರಿನಲ್ಲಿ ಓದಿದ್ದರು. ಊರಲ್ಲೇ ಬಂದು ಸನ್ಮಾನ ಮಾಡುತ್ತಾರಂತೆ. ಬೆಳಗಾವಿಯಿಂದ ಒಬ್ಬ ನಿವೃತ್ತ ಕರ್ನಲ್ ಸಾಹೇಬರು ಮುಖ್ಯ ಅತಿಥಿ.

"ನನಗ್ಯಾಕ್ರಿ ಅದೆಲ್ಲಾ" ಎಂದರು ಮಾವ, ಹರಗೋಲಿಗೆ ಡಾಂಬರು ಬಳಿಯುತ್ತ.

"ಊರಿನ ಮಾನದ ಮಾತೈತಿ, ಒಲ್ಲೆ ಅನಬ್ಯಾಡ್ರಿ. ಮತ್ತ ಇನ್ನೊಂದ ಐತಿ. ಸಾಹೇಬ್ರು ಒಂದ ಶರತ್ ಹಾಕ್ಯಾರ. ಹೋಟೆಲ್ ಊಟ ಒಲ್ರಂತ. ಫೌಜಿಯವರ ಮನ್ಯಾಗ, ಊರವರ ಜೋಡಿ ಕುಂತ ಉಣ್ತೇನಿ ಅಂದಾರ."

ಅತ್ತೆ ಒಳಗಿನಿಂದ ಕೈಯ ಹಿಟ್ಟು ತೊಳೆಯದೆಯೇ ಹೊರಗೆ ಬಂದರು. "ಊರವರ ಜೋಡಿ ಅಂದ್ರ, ಇಲ್ಲೇನ್ರಿ? ನಮ್ಮ ಅಂಗಳದಾಗ?"

"ಹೂಂ ಮತ್ತ. ಇಲ್ಲೇ." ಚನಮಲ್ಲಪ್ಪನವರು ಅತ್ತೆಯ ಮುಖ ನೋಡಲಿಲ್ಲ. "ಊಟದ ವ್ಯವಸ್ಥಾ ಎಲ್ಲಾ ಆಗ್ತೈತಿ. ನೀವೇನ ಚಿಂತಿ ಮಾಡಬ್ಯಾಡ್ರಿ."

ಆ ಕೊನೆಯ ಮಾತು ಅತ್ತೆಯ ಕಿವಿಗೆ ಬೀಳಲೇ ಇಲ್ಲ. ನನ್ನ ಕಿವಿಗೆ ಬಿತ್ತು. ಆದರೆ ಆ ಮುಖ ನೋಡಿ ಬಾಯಿ ಬಿಡಲಾಗಲಿಲ್ಲ.

ಅವತ್ತಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ನನ್ನ ಗಂಡ ಪ್ರೇಮಕುಮಾರ ಸಕ್ಕರೆ ಕಾರ್ಖಾನೆಯ ಆಫೀಸಿಗೆ ರಜೆ ಹಾಕಿ ಸಜ್ಜೆ ಬೀಸಿಸಿಕೊಂಡು ಬಂದ. ಸಜ್ಜೆಯ ಕಡಕ್ ರೊಟ್ಟಿ ವಾರ ಇಟ್ಟರೂ ಕೆಡುವುದಿಲ್ಲ, ಹಾಗಾಗಿ ಮೊದಲೇ ಬಡಿಯಲು ಶುರು ಮಾಡಿದೆವು. ನಮ್ಮ ಕಡೆ ದೊಡ್ಡ ಊಟ ಇದ್ದರೆ ಓಣಿಯ ಹೆಂಗಸರೆಲ್ಲ ಹಿಟ್ಟಿನ ಪರಾತದ ಸುತ್ತ ಕೂತು ರೊಟ್ಟಿ ಬಡಿದು ಕೊಡುತ್ತಾರೆ. ಅತ್ತೆ ಮನೆಮನೆಗೆ ಹೋಗಿ ಹೇಳಿ ಬಂದರು. ಹಾಲವ್ವನಿಗೆ ಜ್ವರ, ತಾಯವ್ವ ಕಬ್ಬಿಗೆ ನೀರು ಹಾಯಿಸಲು ಹೋಗಬೇಕು, ಉಳಿದವರಿಗೆ ಉಳಿದ ಕೆಲಸ. ಅತ್ತೆ ಮತ್ತು ನಾನು ಇಬ್ಬರೇ ಊರಿಗಾಗುವಷ್ಟು ರೊಟ್ಟಿ ಬಡಿದೆವು. ನನ್ನ ಅಂಗೈ ಬೊಬ್ಬೆ ಬಂದು ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಅತ್ತೆ ಮಾತ್ರ ಹಾಡು ಹೇಳುತ್ತ ಬಡಿಯುತ್ತಿದ್ದರು. ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಿಂದಿನ ದಿನ ಶೇಂಗಾ ಹೋಳಿಗೆ ಮಾಡಿದೆವು. ಬೆಳಕು ಹರಿಯುವುದರೊಳಗೆ ಎಣ್ಣೆಗಾಯಿ ಪಲ್ಯ ಒಲೆಯ ಮೇಲಿತ್ತು.

ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಡೊಳ್ಳು ಬಾರಿಸಿಕೊಂಡು ಮಾವನನ್ನು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿದರು. ಹಳೆಯ ಮೆಡಲ್ಲುಗಳನ್ನು ಹಚ್ಚಿಕೊಂಡು ಬರಬೇಕು ಅಂತ ಸಂಘದವರು ಹಟ ಹಿಡಿದಿದ್ದರಿಂದ ಮಾವ ಹಚ್ಚಿಕೊಂಡಿದ್ದರು, ಕತ್ತು ಮಾತ್ರ ತಗ್ಗಿಸಿಕೊಂಡೇ ಇದ್ದರು. ಚನಮಲ್ಲಪ್ಪನವರು ಮೈಕು ಹಿಡಿದು ಮಾತಾಡಿದರು. ಮನುಷ್ಯ ಮಾತಿನಲ್ಲಿ ಜಾಣ.

"ಮುದಕಪ್ಪನವರು ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಯಾರೂ ಇಲ್ಲದ ಹೆಣಕ್ಕೆ ತಾವೇ ಮಗನಾಗಿ ಮಣ್ಣು ಕೊಟ್ಟರು. ಇಂಥವರು ನಮ್ಮ ಊರಲ್ಲಿ ಹುಟ್ಟಿದ್ದು ನಮ್ಮ ಪುಣ್ಯ."

ಜನ ಚಪ್ಪಾಳೆ ತಟ್ಟಿದರು. ಮಗನಾಗಿ. ನಾನು ಅತ್ತೆಯ ಕಡೆ ನೋಡಿದೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು, ಸಂತೋಷದಿಂದ. ಕರ್ನಲ್ ಸಾಹೇಬರು ಮಾವನಿಗೆ ಕೆಂಪು ಶಾಲು ಹೊದಿಸಿ, ಸೆಲ್ಯೂಟ್ ಹೊಡೆದರು. ಅವರ ಸೆಲ್ಯೂಟ್ ಖರೆ ಇತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಭಾಷಣ ಇನ್ನೂ ನಡೆದಿರುವಾಗಲೇ ಅತ್ತೆ ಎಡೆ ಹಾಕಬೇಕೆಂದು ಅವಸರದಿಂದ ಮನೆಗೆ ನಡೆದರು, ಬೆನ್ನ ಹಿಂದೆ ನಾನೂ. ಅಂಗಳದಲ್ಲಿ ಜಮಖಂಡಿಯ ಒಂದು ಟೆಂಪೊ ನಿಂತಿತ್ತು. ಹುಡುಗರು ಅದರಿಂದ ದೊಡ್ಡ ದೊಡ್ಡ ಪಾತ್ರೆ ಇಳಿಸುತ್ತಿದ್ದರು. ರೊಟ್ಟಿ, ಪಲ್ಯ, ಗೋಧಿ ಹುಗ್ಗಿ, ಅನ್ನ, ಸಾರು. ಕಾಗದದ ತಾಟು. ಕುಡಿಯುವ ನೀರಿನ ಕ್ಯಾನುಗಳು ಸಹ. ನಮ್ಮ ಮನೆಯದು ಅಂತ ಅಲ್ಲಿ ಇದ್ದದ್ದು ನೆಲ ಒಂದೇ.

ಅತ್ತೆ ಬಾಗಿಲಲ್ಲೇ ನಿಂತರು. ಚನಮಲ್ಲಪ್ಪನವರ ಮಗ ನಿಂಗಣ್ಣ ಪಾತ್ರೆ ಇಳಿಸುವುದನ್ನು ನೋಡಿಕೊಳ್ಳುತ್ತಿದ್ದ. "ನಿಮಗ ತ್ರಾಸ ಆಗಬಾರ್ದಂತ ಅಪ್ಪಾ ಹೇಳ್ಯಾನ್ರಿ ಅವ್ವಾರ" ಎಂದು ನೆಲ ನೋಡುತ್ತ ಹೇಳಿದ.

ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ನನ್ನ ರಟ್ಟೆ ಹಿಡಿದರು. "ಸುಮ್ನಿರು. ಅದೂ ತಿನ್ಲಿ, ಇದನ್ನೂ ತಿಂತಾರ" ಎಂದರು. ಆ ಹೆಂಗಸಿನ ಆಸೆಗೆ ಏನೆನ್ನಬೇಕು?

ಊರವರು ಬಂದು ಅಂಗಳದಲ್ಲಿ ಪಂಕ್ತಿ ಕೂತರು. ಸಾಹೇಬರು ಮತ್ತು ಮಾವ ಕಟ್ಟೆಯ ಮೇಲೆ ಕೂತರು. ಸಾಹೇಬರು ಒಂದು ತುತ್ತು ಬಾಯಿಗಿಟ್ಟು, "ಅವ್ವಾ, ಪಲ್ಯ ಭಾಳ ಛಲೋ ಆಗೇತಿ" ಎಂದರು. ಅತ್ತೆ ಒಳಗೆ ಹೋಗಿ ತಾವು ಬಡಿದ ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಬಂದರು. ಮೊದಲು ಸಾಹೇಬರಿಗೆ ಒಂದು ಹಾಕಿದರು. ಅವರು ಮುರಿದು ತಿಂದರು. ಆಮೇಲೆ ಅತ್ತೆ ಪಂಕ್ತಿಗೆ ಇಳಿದರು.

ಮೊದಲು ಕೂತ ರೇವಪ್ಪ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ. "ಸಾಕ್ರಿ, ಹೊಟ್ಟಿ ತುಂಬೇತಿ." ಅವನ ತಾಟಿನಲ್ಲಿ ಹುಗ್ಗಿಗೆ ಇನ್ನೂ ಕೈ ಹಚ್ಚಿರಲಿಲ್ಲ. ಅವನ ಪಕ್ಕದವನೂ ಅಂಗೈ ಅಡ್ಡ ಹಿಡಿದ. ಆಮೇಲಿನವರಂತೂ ಅತ್ತೆ ಎದುರಿಗೆ ಬರುವ ಮೊದಲೇ ಕೈ ಅಡ್ಡ ಇಟ್ಟುಕೊಂಡು ಕೂತರು. ಪೂರದಲ್ಲಿ ಮಾಳಿಗೆಯಿಂದ ಇಳಿಸಿ ತಂದವರು ಆ ಪಂಕ್ತಿಯಲ್ಲಿದ್ದರು. ಮಾವನ ಹರಗೋಲಿನಲ್ಲೇ ಹಡೆದ ಹೆಂಗಸೊಬ್ಬಳಿದ್ದಳು. ಅತ್ತೆ ಒಬ್ಬರನ್ನೂ ಬಿಡದೆ ಕೊನೆಯವರೆಗೆ ನಡೆದರು. "ಒಂದ ಹಾಕ್ತೇನ್ರಿ" ಅಂತ ಎಲ್ಲರಿಗೂ ಕೇಳಿದರು. ಕೊನೆಗೆ ತುಂಬಿದ ಬುಟ್ಟಿ ಹಿಡಿದು ಬೇಲಿಯ ಹತ್ತಿರ ನಿಂತರು.

"ಎಲ್ಲಾರದೂ ಹೊಟ್ಟಿ ತುಂಬ್ತು ನೋಡ್ರಿ. ಹಿಂಗಿರಬೇಕು ಊರು" ಎಂದರು ಸಾಹೇಬರು. ಮಾವ ಅವರ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದರು. ಅವರು ಮಾತ್ರ ಊಟ ಮಾಡಲಿಲ್ಲ.

ಆ ರೊಟ್ಟಿಗಳನ್ನು ನಾನು ಶಾಲೆಗೆ ಒಯ್ದೆ, ಪ್ರೇಮಕುಮಾರ ಕಾರ್ಖಾನೆಗೆ ಒಯ್ದ. ಊರಿನ ಹೊರಗೆ ಎಲ್ಲರಿಗೂ ರುಚಿ ಹತ್ತಿತು. ಕೆಂಪು ಶಾಲು ಬೇಸಿಗೆಯಲ್ಲಿ ತೇಲಿಬಂದ ಯಾರೋ ಮುದುಕನ ಜೊತೆ ಮಣ್ಣಾಯಿತು, ಮಾವನ ಕಂಬಳಿ ಅವತ್ತು ಹಸಿ ಇತ್ತು. ಅತ್ತೆ ಹಾಡಲಿಲ್ಲ. ಆದರೂ ಸಣ್ಣ ಬುಟ್ಟಿಯ ರೊಟ್ಟಿ ಬಡಿಯುವುದನ್ನು ಬಿಟ್ಟಿರಲಿಲ್ಲ.

ಆಗಸ್ಟಿನಲ್ಲಿ ಹಿನ್ನೀರು ತುಂಬಿ ನಿಂತಿತ್ತು. ಒಂದು ಭಾನುವಾರ ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಬೇಲಿಯ ಹತ್ತಿರ ಯಾರೋ ಮಿಲ್ಟ್ರಿಯವರೇ ಎಂದು ಕೂಗಿದರು. ಹೊರಗೆ ಬಂದರೆ ಚನಮಲ್ಲಪ್ಪನವರು, ಕಾಲಲ್ಲಿ ಚಪ್ಪಲಿಯಿಲ್ಲ, ತಲೆಗೆ ರುಮಾಲಿಲ್ಲ. ನಿಂಗಣ್ಣ ಪಂಪು ಎಳೆದುಕೊಳ್ಳಲು ನೀರಿಗೆ ಇಳಿದು ಸೆಳವಿಗೆ ಸಿಕ್ಕಿದ್ದ. ನಡುನೀರಿನಲ್ಲಿ ಮುಳುಗಿದ ಜಾಲಿ ಗಿಡದ ಟೊಂಗೆ ಹಿಡಿದು ಜೋತು ಬಿದ್ದಿದ್ದಾನೆ, ಕೈ ಸೋತು ಬಿಡುತ್ತಾನೆ ಅಂತ ಅಳುತ್ತ ಹೇಳಿದರು.

ಅತ್ತೆ ಒಳಗೆ ಹೋಗಿ ಹಂಚಿನ ಮೇಲಿನ ಬಿಸಿ ರೊಟ್ಟಿ ತಂದು ಬೇಲಿಯ ಈಚೆ ನಿಂತರು. "ಇದನ್ನ ತಿನ್ರಿ. ಆಮ್ಯಾಲ ಅವರನ್ನ ಕರೀತೇನಿ."

"ಅವ್ವಾ, ಮಗಾ ನೀರಾಗ ಅದಾನ."

"ಗೊತ್ತಾತು. ಒಂದ ತುತ್ತ ತಿನ್ನಾಕ ಎಷ್ಟೊತ್ತ ಹಿಡೀತೈತಿ?"

ನಾನು ಬೆಚ್ಚಿಬಿದ್ದೆ. ಅತ್ತೆ ಹೀಗೆ ಮಾತಾಡಬಲ್ಲರು ಅಂತ ನನಗೆ ಗೊತ್ತಿರಲಿಲ್ಲ. ಆದರೆ ನಾನು ಇವತ್ತಿಗೂ ಮರೆಯದಿರುವುದು ಅದನ್ನಲ್ಲ. ಚನಮಲ್ಲಪ್ಪನವರ ಕೈ ಬೇಲಿಯ ಮೇಲಿಂದ ಮುಂದಕ್ಕೆ ಬಂತು, ರೊಟ್ಟಿಯ ಹತ್ತಿರ ಬಂತು, ಅಲ್ಲಿಗೆ ನಿಂತಿತು. ಮಗ ನೀರಿನಲ್ಲಿದ್ದಾನೆ. ಆದರೂ ಆ ಮನುಷ್ಯನಿಗೆ ಕೈ ಮುಂದೆ ಒಯ್ಯಲಾಗಲಿಲ್ಲ. ಅತ್ತೆ ಆ ಕೈಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ದಂಡೆಯ ಕಡೆಯಿಂದ ಮಂದಿ ಕೂಗಿದ್ದು ಕೇಳಿಸಿತು. ಮಿಲ್ಟ್ರಿ ಕಾಕಾ ಹರಗೋಲು ಬಿಟ್ಟಿದ್ದಾರೆ. ಮಾವ ಹಿತ್ತಲಲ್ಲೇ ಇದ್ದವರು ಮೊದಲ ಕೂಗಿಗೇ ಹುಟ್ಟು ಹೆಗಲಿಗೆ ಹಾಕಿಕೊಂಡು ಹೋಗಿದ್ದರು. ಅವರನ್ನು ಯಾರೂ ಕರೆಯುವ ಅಗತ್ಯವೇ ಇರಲಿಲ್ಲ. ಚನಮಲ್ಲಪ್ಪನವರು ಕೈ ಹಿಂದಕ್ಕೆ ಎಳೆದುಕೊಂಡು ದಂಡೆಗೆ ಓಡಿದರು. ಅತ್ತೆ ಅಲ್ಲೇ ನಿಂತು, ಆ ರೊಟ್ಟಿಯನ್ನು ಮುರಿದು ಮುರಿದು ತಾವೇ ತಿಂದು ಮುಗಿಸಿದರು.

ಮಾವ ನಿಂಗಣ್ಣನನ್ನು ಜೀವಂತ ತಂದರು. ಮನೆಗೆ ಬಂದು, ನಾನು ಹೇಳಿದ್ದನ್ನೆಲ್ಲ ಕೇಳಿ, ಒದ್ದೆ ಬಟ್ಟೆಯಲ್ಲೇ ಕಟ್ಟೆಯ ಮೇಲೆ ಕೂತು, "ಹಂಗ ಕೇಳಬಾರ್ದಾಗಿತ್ತು, ಸಾತವ್ವಾ" ಎಂದರು.

"ನಿಮಗ ಶಾಲು ಬಂತು. ನನಗೇನ ಬಂತು?" ಎಂದರು ಅತ್ತೆ.

ನಮ್ಮ ಸೈನ್ಯದ ಮನುಷ್ಯನಿಗೆ ಅದೊಂದು ಪ್ರಶ್ನೆ ಇದೆ ಅಂತಲೇ ಅಷ್ಟು ವರ್ಷ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಮರುದಿನದಿಂದ ಅತ್ತೆ ನಾಲ್ಕು ಮಂದಿಗೆ ಬೇಕಾದಷ್ಟೇ ರೊಟ್ಟಿ ಬಡಿದರು. ಸಣ್ಣ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದರು.

ಒಂದು ವಾರ ಕಳೆದಿರಬೇಕು. ಮಟಮಟ ಮಧ್ಯಾಹ್ನ ನಿಂಗಣ್ಣ ಒಬ್ಬನೇ ಬಂದ. ಕೈಯಲ್ಲಿ ತೆಂಗಿನಕಾಯಿ, ಒಂದು ಹೊಸ ಶಾಲು. ನಾನು ಕಟ್ಟೆಯ ಮೇಲೆ ಮಕ್ಕಳ ಪೇಪರು ತಿದ್ದುತ್ತಿದ್ದೆ. ಅವನು ಬೇಲಿಯ ಆಚೆ ನಿಲ್ಲಲಿಲ್ಲ. ಗೇಟು ತೆಗೆದು ಒಳಗೆ ಬಂದ. ಜಾಲಿ ಮುಳ್ಳು ಗೀರಿದ ಗಾಯಗಳು ಮುಂಗೈಯ ಮೇಲೆ ಇನ್ನೂ ಒಣಗಿರಲಿಲ್ಲ. ಶಾಲು, ಕಾಯಿ ಕಟ್ಟೆಯ ಮೇಲಿಟ್ಟು, ಅಂಗಳದ ನಡುವೆ ನಿಂತು ಅಡಿಗೆಮನೆಯ ಬಾಗಿಲ ಕಡೆ ನೋಡಿದ.

"ಅವ್ವಾ, ಒಂದ ತಂಬಿಗಿ ನೀರ ಕೊಡ್ರಿ."

ಅಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ನೀರು ಕೇಳಿದ ಮೊದಲ ಮನುಷ್ಯ ಅವನು. ಅತ್ತೆ ಬಾಗಿಲಿಗೆ ಬಂದು, ಬರಿಗೈಯಲ್ಲಿ, ಚೌಕಟ್ಟು ಹಿಡಿದು ನಿಂತರು.

"ಈಗಷ್ಟ ಕುಡದ ಬಂದಿರ್ತಿ. ಬಿಡಪಾ" ಎಂದರು.

"ಇಲ್ರಿ ಅವ್ವಾ. ಖರೇನ ನೀರಡಿಕಿ ಆಗೇತಿ."

"ನಿಮ್ಮ ಮನ್ಯಾಗ ಕುಡಿ ಹೋಗು."

ಅವನು ಗೇಟು ಹಾಕಿಕೊಂಡು ಹೋದ. ಸರಿಯಾಗಿ ಆಯಿತು ಅಂತ ನನ್ನ ಮನಸ್ಸು ಕುಣಿಯಿತು. ಅತ್ತೆಗೆ ಶಾಭಾಸ್ ಹೇಳಬೇಕೆಂದೇ ಎದ್ದು ಒಳಗೆ ಹೋದೆ.

ಅತ್ತೆ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ತಂಬಿಗೆ ಇತ್ತು, ಕಂಠದವರೆಗೆ ನೀರು. ಗೇಟಿನ ಸಪ್ಪಳ ಕೇಳಿದಾಗಲೇ ತುಂಬಿಸಿ ಇಟ್ಟಿದ್ದರು.